ಮಳೆಗಾಲಕ್ಕೊಂದು ದತ್ತಿ

ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ 2014ರ ಡಿಸೆಂಬರ್ 6ರಂದು, ಅಂಬೇಡ್ಕರ್ ಅವರ ಪರಿನಿರ್ವಾಣ ದಿನ, ಆಗ ಸಚಿವರಾಗಿದ್ದ ಸತೀಶ ಜಾರಕಿಹೊಳಿ ಒಂದು ರಾತ್ರಿ ಕಳೆದದ್ದು ರಾಜ್ಯದ ಗಮನ ಸೆಳೆದಿತ್ತು. ಮಾನವ ಬಂಧುತ್ವ ವೇದಿಕೆಯ ಆಶ್ರಯದಲ್ಲಿ ನಂತರದ ವರ್ಷಗಳಲ್ಲೂ ಅಲ್ಲಿ ಉಪನ್ಯಾಸ, ಹಾಡು, ಊಟಗಳು ನಡೆದವು. ಅವರ ನಿಲುವನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಜನರು ಒಂದೆಡೆ ಕುಳಿತು ಸಾವು, ಭಯ, ನಂಬಿಕೆಗಳ ಬಗ್ಗೆ ಮಾತನಾಡಲು ಸಾಧ್ಯವಾಯಿತು ಎಂಬುದು ಸಣ್ಣ ಸಂಗತಿಯಲ್ಲ. ನಗರದಲ್ಲಿ ಅದಕ್ಕೊಂದು ಜಾಗವಿತ್ತು, ಬೆನ್ನಿಗೆ ನಿಲ್ಲುವ ಪ್ರಭಾವಿ ಮುಂದಾಳುವಿದ್ದರು, ವರದಿ ಮಾಡುವ ಪತ್ರಿಕೆಗಳಿದ್ದವು.

ಅಲ್ಲಿಂದ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನಲ್ಲಿರುವ ಖಾನಾಪುರದ ಹಳ್ಳಿಗಳಲ್ಲಿ ಇಂಥದೇ ಕೂಟ ನಡೆಯಬೇಕಾದರೆ ಯಾರನ್ನು ಕೇಳಬೇಕು? ಸಾಹಿತ್ಯ, ಚರಿತ್ರೆ, ನಾಟಕ, ಧರ್ಮವಿಚಾರಗಳ ಕುರಿತು ಊರಿನವರು ಕೂಡಿ ಓದುವ, ಕೇಳುವ, ವಾದಿಸುವ ಕೆಲಸಕ್ಕೆ ಸರ್ಕಾರದ ಹಣ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಧನಸಹಾಯ ನೀಡುತ್ತದೆ. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಇದೆ. ಸಮಸ್ಯೆ ಇರುವುದು ಆ ಹಣದ ಸ್ವಭಾವದಲ್ಲಿ. ಅದು ನೋಂದಾಯಿತ ಸಂಘವನ್ನು ಕೇಳುತ್ತದೆ. ವರ್ಷಗಳ ಲೆಕ್ಕಪರಿಶೋಧನಾ ವರದಿ, ಆಹ್ವಾನ ಪತ್ರಿಕೆ, ಛಾಯಾಚಿತ್ರ, ಪತ್ರಿಕಾ ತುಣುಕುಗಳನ್ನು ಕೇಳುತ್ತದೆ. ಬಹುಮಟ್ಟಿಗೆ ಮೊದಲು ಕೈಯಿಂದ ಖರ್ಚು ಮಾಡಿ ನಂತರ ಕಾಯಬೇಕು. ಜಾಂಬೋಟಿ, ಕಣಕುಂಬಿಗಳ ಆಚೆಗಿನ ಊರಿನಲ್ಲಿ ಸಂಜೆ ನಾಲ್ಕು ಜನರಿಗೆ ಪುಸ್ತಕ ಓದಿ ಹೇಳುವ ನಿವೃತ್ತ ಶಿಕ್ಷಕ ಲೆಕ್ಕಪರಿಶೋಧಕರನ್ನು ಎಲ್ಲಿಂದ ತರಬೇಕು? ಹೀಗಾಗಿ ಅನುದಾನ ಸಲ್ಲುವುದು ಹೆಚ್ಚಾಗಿ ಅರ್ಜಿ ಬರೆಯಬಲ್ಲವರಿಗೆ. ಶಾಮಿಯಾನ, ಧ್ವನಿವರ್ಧಕ, ಶಾಲು, ಫಲಕಗಳಿಗೆ ಹಣ ದೊರೆಯುತ್ತದೆ. ಮರುದಿನ ಅಲ್ಲಿ ಏನೂ ಉಳಿದಿರುವುದಿಲ್ಲ.

ದಾನವೆಂದರೆ ಹೇಗಿರಬೇಕೆಂಬುದಕ್ಕೆ ಖಾನಾಪುರ ತಾಲ್ಲೂಕಿನಲ್ಲೇ ಒಂದು ಪುರಾತನ ಸಾಕ್ಷ್ಯವಿದೆ. ಕದಂಬರ ಪಲಾಶಿಕಾ, ಇಂದಿನ ಹಲಸಿ, ಅಲ್ಲಿ ದೊರೆತ ತಾಮ್ರಪಟಗಳನ್ನು ಫ್ಲೀಟ್ ಹತ್ತೊಂಬತ್ತನೇ ಶತಮಾನದಲ್ಲಿ ಓದಿ ಪ್ರಕಟಿಸಿದರು. ಕದಂಬ ದೊರೆ ರವಿವರ್ಮನ ಕಾಲದ ಒಂದು ಪಟದಲ್ಲಿ ಹಳ್ಳಿಯೊಂದರ ಆದಾಯವನ್ನು ಜೈನ ಸಂಘಕ್ಕೆ ಬಿಟ್ಟುಕೊಟ್ಟ ವಿವರವಿದೆ. ಪ್ರತಿವರ್ಷ ಕಾರ್ತಿಕದಲ್ಲಿ ಎಂಟು ದಿನದ ಉತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯತಿಗಳ ಪೋಷಣೆಯಾಗಬೇಕು, ವಿದ್ವಾಂಸರಿಗೂ ಅದರಲ್ಲಿ ಪಾಲಿರಬೇಕು ಎಂದು ಅದು ವಿಧಿಸುತ್ತದೆ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದಿನ ಆ ಅರಸನ ರಾಜ್ಯವ್ಯವಸ್ಥೆಯನ್ನು ನಾವು ಕೊಂಡಾಡಬೇಕಾಗಿಲ್ಲ. ಉತ್ಸವವನ್ನೂ ಅವನು ಬಿಡಲಿಲ್ಲ, ನಿಜ. ಆದರೆ ಉತ್ಸವಕ್ಕೆ ಎಂಟು ದಿನ, ಮಳೆಗಾಲಕ್ಕೆ ನಾಲ್ಕು ತಿಂಗಳು ಎಂಬ ಲೆಕ್ಕಾಚಾರವನ್ನು ಗಮನಿಸಬೇಕು. ಸಂಚಾರ ನಿಂತು, ಊರು ತನ್ನೊಳಗೆ ಕುಳಿತಾಗಲೇ ಕೇಳುವವರು ಸಿಗುತ್ತಾರೆಂದು ಆತ ಬಲ್ಲವನಾಗಿದ್ದ. ನಮ್ಮ ಅನುದಾನವೋ ಆರ್ಥಿಕ ವರ್ಷ ಮುಗಿಯುವ ಮಾರ್ಚಿಯ ಬಿಸಿಲಿನಲ್ಲಿ ಅವಸರವಸರವಾಗಿ ಖರ್ಚಾಗುತ್ತದೆ.

ಈ ಕಾಲದಲ್ಲಿ ಇದು ಸಾಧ್ಯವೇ ಎಂಬ ಸಂದೇಹಕ್ಕೆ ಸಾಗರ ತಾಲ್ಲೂಕಿನ ಹೆಗ್ಗೋಡು ಉತ್ತರ ಕೊಟ್ಟಿದೆ. 1949ರಲ್ಲಿ ಆರಂಭವಾದ ನೀನಾಸಮ್, ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ, 1983ರಿಂದ 1985ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ 'ಜನಸ್ಪಂದನ' ಯೋಜನೆಯನ್ನು ನಡೆಸಿತು. ನಾಡಿನ ಹಳ್ಳಿ, ಪಟ್ಟಣಗಳಲ್ಲಿ ರಂಗಶಿಬಿರಗಳು, ಜಗತ್ತಿನ ಶ್ರೇಷ್ಠ ಚಲನಚಿತ್ರಗಳ ಪ್ರದರ್ಶನಗಳು ನಡೆದವು. ಹೊರಗಿನ ಹಣ ಬಂದದ್ದು ಕೆಲವೇ ವರ್ಷ. ಆ ಹಣ ಕಟ್ಟಡಕ್ಕಿಂತ ಮುಖ್ಯವಾಗಿ ಜನರಲ್ಲಿ ಹೂಡಿಕೆಯಾಯಿತು. 1985ರಲ್ಲಿ ಆರಂಭವಾದ 'ತಿರುಗಾಟ' ಇಂದಿಗೂ ಊರೂರು ಸುತ್ತುತ್ತಿದೆ. ಎಲ್ಲ ಊರಿನಲ್ಲೂ ಒಬ್ಬ ಸುಬ್ಬಣ್ಣ ಹುಟ್ಟುವುದಿಲ್ಲ ಎಂಬ ಆಕ್ಷೇಪ ಸರಿಯೇ. ಅದಕ್ಕಾಗಿಯೇ ವ್ಯಕ್ತಿಯ ಮೇಲೆ ನಿಲ್ಲದ, ಕಾನೂನಿನ ಮೇಲೆ ನಿಲ್ಲುವ ಆಧಾರವೊಂದು ಬೇಕು.

ಅಂಥ ಆಧಾರ ನಮ್ಮಲ್ಲಿ ಆಗಲೇ ಇದೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಗ್ರಾಮ ಪಂಚಾಯಿತಿಗೆ ಮನೆ ಕಂದಾಯ ಕಟ್ಟುವವರು ರಸೀದಿಯನ್ನು ತೆರೆದು ನೋಡಿದರೆ ತೆರಿಗೆಯ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರ ಕಟ್ಟಿರುವುದು ಕಾಣುತ್ತದೆ. ರಾಜ್ಯದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಧೀನಕ್ಕೆ ಬಂದವು; ಈಗ ಅವುಗಳನ್ನು 'ಅರಿವು ಕೇಂದ್ರ' ಎಂದು ಕರೆಯಲಾಗುತ್ತಿದೆ. 2020ರಲ್ಲಿ ಆರಂಭಿಸಿದ 'ಓದುವ ಬೆಳಕು' ಕಾರ್ಯಕ್ರಮ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಕೋಣೆ ಇದೆ, ದೀಪ ಇದೆ, ಮೇಲ್ವಿಚಾರಕರಿದ್ದಾರೆ. ಮಕ್ಕಳ ತಂದೆತಾಯಿಯರು ಸಂಜೆ ಅಲ್ಲಿ ಕುಳಿತು ಏನು ಮಾತನಾಡಬೇಕೆಂಬುದಕ್ಕೆ ಮಾತ್ರ ಯಾರೂ ಹಣ ಇಟ್ಟಂತಿಲ್ಲ.

ಅದೇ 1965ರಲ್ಲಿ ಅಮೆರಿಕವು ಮಾನವಿಕ ವಿದ್ಯೆಗಳಿಗಾಗಿ ರಾಷ್ಟ್ರೀಯ ನಿಧಿಯೊಂದನ್ನು ಸ್ಥಾಪಿಸಿತು. ಅದರ ಹಣದಿಂದ ಪ್ರತಿ ರಾಜ್ಯದಲ್ಲೂ ಒಂದೊಂದು ಮಂಡಳಿ ಸಣ್ಣ ಊರುಗಳ ಗ್ರಂಥಾಲಯಗಳಲ್ಲಿ ಓದು, ಉಪನ್ಯಾಸಗಳನ್ನು ನಡೆಸುತ್ತ ಬಂದಿತ್ತು. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಆ ಅನುದಾನಗಳನ್ನು ಏಕಾಏಕಿ ರದ್ದುಪಡಿಸಿತು. ಮೆಲನ್ ಪ್ರತಿಷ್ಠಾನ 1.5 ಕೋಟಿ ಡಾಲರ್‌ಗಳ ತುರ್ತು ನೆರವು ನೀಡಬೇಕಾಯಿತು. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಶ್ರೀಮಂತ ದೇಶದ ಅನುದಾನವೂ ಆಳುವವರ ಮರ್ಜಿಯಿಂದ ಒಂದು ಪತ್ರದಲ್ಲಿ ಮುಗಿಯಬಲ್ಲುದಾದರೆ, ಪ್ರಜೆಗಳೇ ಕಟ್ಟುವ ಕರದ ಮೇಲಿನ ಹಕ್ಕು ಅದಕ್ಕಿಂತ ಗಟ್ಟಿ. ಅಷ್ಟೇ ಗಟ್ಟಿಯಾಗಿ ಅದನ್ನು ವಸೂಲಿಯೂ ಮಾಡಬೇಕು. ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಕರವನ್ನು ಸಂಗ್ರಹಿಸಿ ಬಾಕಿ ಉಳಿಸಿಕೊಳ್ಳುವುದು ಹೊಸ ಸುದ್ದಿಯಲ್ಲ. ಬೆಂಗಳೂರಿನಂಥ ಮಹಾನಗರದ ಪಾಲಿಕೆಯೇ ಆ ಅಪಖ್ಯಾತಿ ಪಡೆದಿತ್ತು.

ಖಾನಾಪುರದ ಮಟ್ಟಿಗೆ ಇನ್ನೊಂದು ಮಾತನ್ನು ಕನ್ನಡ ಪತ್ರಿಕೆಯೇ ಹೇಳಬೇಕು. ಇಲ್ಲಿ ಮರಾಠಿ, ಕನ್ನಡ, ಕೊಂಕಣಿ, ಉರ್ದು ಒಂದೇ ಓಣಿಯಲ್ಲಿ ಕೇಳುತ್ತವೆ. ಗಡಿಭಾಗವೆಂಬ ಕಾರಣಕ್ಕೆ ಬರುವ ಸಂಸ್ಕೃತಿಯ ಹಣ ಬೇಲಿ ಕಟ್ಟುವ ಹಣವಾದರೆ, ಕಾರ್ಯಕ್ರಮಕ್ಕೆ ಬರುವವರು ಆಗಲೇ ಒಪ್ಪಿದವರಷ್ಟೇ. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ್ದು ಇದೇ ತಾಲ್ಲೂಕಿನ ನಂದಗಡದಲ್ಲಿ. ಮರಾಠಿ ಸಂಗೀತ ನಾಟಕದ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕುಮಾರ ಗಂಧರ್ವರು ಹುಟ್ಟಿದ್ದು ಸುಳೇಭಾವಿಯಲ್ಲಿ. ಈ ಹೆಸರುಗಳನ್ನು ಯಾವ ಭಾಷೆಯ ಖಾತೆಗೆ ಬರೆಯುವುದು ಎಂದು ಜಗಳವಾಡುವ ಬದಲು ಆ ಕತೆಗಳನ್ನು ಎರಡು ಭಾಷೆಯಲ್ಲೂ ಕೇಳಿಸುವ ಕೂಟಕ್ಕೆ ಕರ್ನಾಟಕ ಸರ್ಕಾರ ಹಣ ಕೊಟ್ಟರೆ ಕನ್ನಡಕ್ಕೆ ಕುಂದಾಗದು. ಬದಲಾಗಿ, ಕನ್ನಡದ ಪುಸ್ತಕ ಆ ಮನೆಗಳನ್ನು ತಲುಪುವ ದಾರಿ ಅದೇ.

ಹಣ ದುರುಪಯೋಗವಾಗುವುದೆಂಬ ಅಧಿಕಾರಿಗಳ ಅಂಜಿಕೆ ಆಧಾರವಿಲ್ಲದ್ದಲ್ಲ. ಲೆಟರ್‌ಹೆಡ್‌ನಲ್ಲಿ ಮಾತ್ರ ಬದುಕಿರುವ ಸಂಘಗಳು ಎಷ್ಟೆಂಬುದು ಎಲ್ಲರಿಗೂ ಗೊತ್ತು. ಆದರೆ ಅವುಗಳನ್ನು ಹುಟ್ಟಿಸಿದ್ದೂ ಕಾಗದವನ್ನೇ ಕೇಳುವ ಇದೇ ಪದ್ಧತಿ. ಊರಿನ ಕೂಟ ನಡೆಯಿತೋ ಇಲ್ಲವೋ ಎಂಬುದನ್ನು ಬೆಂಗಳೂರಿನ ಕಡತಕ್ಕಿಂತ ಚೆನ್ನಾಗಿ ಗ್ರಾಮಸಭೆ ಬಲ್ಲದು. ಅಲ್ಲೂ ಪಕ್ಷ, ಜಾತಿಗಳ ಹಿಡಿತ ಇರುತ್ತದೆ. ಆದರೂ ಅಲ್ಲಿ ಎದ್ದು ನಿಂತು ಕೇಳುವ ಅವಕಾಶವಾದರೂ ಉಂಟು.

ಸರ್ಕಾರ ಮಾಡಬೇಕಾದದ್ದು ದೊಡ್ಡದೇನಲ್ಲ. ಅರಿವು ಕೇಂದ್ರಗಳಿಗೆ ಗ್ರಂಥಾಲಯ ಕರದಿಂದ ವರ್ಷಕ್ಕೊಂದು ಸಣ್ಣ ಮೊತ್ತವನ್ನು ಕೂಟಗಳಿಗೆಂದೇ, ಮುಂಗಡವಾಗಿ ಕೊಡಬೇಕು. ಓದಿ ಹೇಳುವವರಿಗೆ, ಕತೆ ಹೇಳುವ ಹಿರಿಯರಿಗೆ, ಪಾರಿಜಾತದ ಕಲಾವಿದರಿಗೆ ಗೌರವಧನ ಸಲ್ಲಬೇಕು. ಲೆಕ್ಕವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿದರೆ ಸಾಕು. ಪ್ರಯೋಗವನ್ನು ಖಾನಾಪುರ ತಾಲ್ಲೂಕಿನಿಂದಲೇ ಆರಂಭಿಸಬಹುದು. ಹಣ ಮಾತ್ರ ಮೇ ತಿಂಗಳು ಮುಗಿಯುವುದರೊಳಗೆ ಪಂಚಾಯಿತಿಯ ಖಾತೆಗೆ ಬಂದಿರಬೇಕು. ಭತ್ತದ ನಾಟಿ ಮುಗಿದ ಮೇಲೆ ಅಲ್ಲಿನ ಜನಕ್ಕೆ ಸಂಜೆಗಳು ಬಿಡುವಾಗುತ್ತವೆ, ಮಳೆಯೋ ಇನ್ನೂ ಎರಡು ತಿಂಗಳು ಇರುತ್ತದೆ.