ಪೊಟ್ಟಣದ ಪಂಚಾಂಗ

ನಮ್ಮ ದುರ್ಗದ ಬಿಸಿಲಿಗೆ ಕ್ಯಾಲೆಂಡುಲಾ ಬಾರದು ಎನ್ನುವವರೊಡನೆ ನನ್ನದೊಂದು ಜಗಳವಿದೆ. ಗಿಡದ ತಪ್ಪು ಏನೂ ಇಲ್ಲ. ತಪ್ಪಿರುವುದು ಬೀಜದ ಪೊಟ್ಟಣದ ಬೆನ್ನಿಗೆ ಅಚ್ಚಾಗಿರುವ ‘ವಸಂತದಲ್ಲಿ ಬಿತ್ತಿ’ ಎಂಬ ಮಾತಿನಲ್ಲಿ. ಅದು ಹಿಮ ಬೀಳುವ ದೇಶದವರಿಗೆ ಹೇಳಿದ್ದು. ನಮ್ಮ ವಸಂತ ಯುಗಾದಿಯ ಜೊತೆಗೆ ಕೆಂಡವನ್ನೂ ತರುತ್ತದೆ. ಆಗ ಬಿತ್ತಿದರೆ ಮೊಳಕೆ ಬಾಡದೆ ಇನ್ನೇನಾದೀತು?

ಮೆಡಿಟರೇನಿಯನ್ ತೀರದ ಈ ಗಿಡಕ್ಕೆ ಬೇಕಾದದ್ದು ತಂಪು. ಹಸ್ತ, ಚಿತ್ತೆ ಮಳೆಗಳು ಮುಗಿದು ಸ್ವಾತಿ ಹಿಡಿಯುವ ಅಕ್ಟೋಬರ್ ಕೊನೆಯಲ್ಲಿ ಬಿತ್ತಿ ನೋಡಿ. ಕುಡುಗೋಲಿನಂತೆ ಬಾಗಿದ ಬೀಜವನ್ನು ಒಂದು ಸೆಂಟಿಮೀಟರ್ ಆಳಕ್ಕೆ ಊರಿ, ಸಸಿಗಳ ನಡುವೆ ಒಂದು ಗೇಣು ಬಿಡಿ. ಕೆಮ್ಮಣ್ಣು, ಮರಳು, ಹಳೆಯ ಗೊಬ್ಬರ ತುಂಬಿದ ಕುಂಡವಾದರೂ ಸಾಕು. ಸುಮಾರು ಎರಡು ತಿಂಗಳಿಗೆ ಹೂ ಬರುತ್ತದೆ. ಬಾಡಿದ್ದನ್ನು ಚಿವುಟುತ್ತಿದ್ದರೆ ಶಿವರಾತ್ರಿಯವರೆಗೂ ಮೊಗ್ಗು ಬಿಡುತ್ತದೆ. ಕೊನೆಯ ನಾಲ್ಕು ಹೂವನ್ನು ಬೀಜಕ್ಕೆ ಬಿಟ್ಟರೆ ಮುಂದಿನ ವರ್ಷ ಪೊಟ್ಟಣದ ಹಂಗೂ ಇಲ್ಲ.

‘ಕುಡಿಯಲು ನೀರಿಲ್ಲ, ಹೆಂಗಸರಿಗೆ ಹೂವಿನ ಹುಚ್ಚು’ ಎನ್ನುವ ಗಂಡಸರಿಗೂ ಒಂದು ಮಾತು. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರಿನ ಬೆಲೆಯನ್ನು ಕೊಡ ಹೊತ್ತವರಿಗೆ ಯಾರೂ ಕಲಿಸಬೇಕಾಗಿಲ್ಲ. ಅಕ್ಕಿ ತೊಳೆದ ಅಕ್ಕಚ್ಚು, ಸೊಪ್ಪು ತೊಳೆದ ನೀರು ಚಳಿಗಾಲದ ನಾಲ್ಕು ಕುಂಡಕ್ಕೆ ಧಾರಾಳವಾಯಿತು. ಪೈಪು ಹಿಡಿದು ಸ್ಕೂಟರ್ ತೊಳೆಯುವವರು ಮೊದಲು ತಮ್ಮ ಲೆಕ್ಕ ಒಪ್ಪಿಸಲಿ.

ಇನ್ನು ‘ಪರದೇಶಿ ಹೂ ದೇವರಿಗೆ ಬೇಡ’ ಎನ್ನುವ ಮಡಿವಂತರು. ಅಮ್ಮಾ, ದಸರೆಗೆ ಬಾಗಿಲಿಗೆ ಕಟ್ಟುವ ಚೆಂಡುಹೂವೇ ಮೆಕ್ಸಿಕೋ ಕಡೆಯದು. ಸಾರಿಗೆ ಹಾಕುವ ಮೆಣಸಿನಕಾಯಿಯೂ ಅಮೆರಿಕ ಖಂಡದ್ದೇ. ಇಂಗ್ಲಿಷಿನಲ್ಲಿ ಚೆಂಡುಹೂವು, ಕ್ಯಾಲೆಂಡುಲಾ ಎರಡನ್ನೂ ಮಾರಿಗೋಲ್ಡ್ ಎಂದರೂ ಗಿಡಗಳು ಬೇರೆ ಬೇರೆ, ಕೊಳ್ಳುವಾಗ ಹೆಸರು ಕೇಳಿ ಕೊಳ್ಳಿ.

ಲ್ಯಾಟಿನ್ನಿನಲ್ಲಿ ಕ್ಯಾಲೆಂಡೇ ಎಂದರೆ ತಿಂಗಳ ಮೊದಲ ದಿನ. ಕ್ಯಾಲೆಂಡರು, ಕ್ಯಾಲೆಂಡುಲಾ ಎರಡೂ ಆ ಮಾತಿನಿಂದಲೇ ಹುಟ್ಟಿದವು. ಆ ರೋಮಿನ ಆಗಸ್ಟಸ್, ಟೈಬೀರಿಯಸರ ಬೆಳ್ಳಿ ನಾಣ್ಯಗಳು ನಮ್ಮ ಚಂದ್ರವಳ್ಳಿಯ ಮಣ್ಣಿನಲ್ಲೂ ಸಿಕ್ಕಿವೆ. ಹೊರಗಿನದು ಈ ಊರಿಗೆ ಹೊಸತಲ್ಲ. ಹೂವು ಎಲ್ಲಿಂದಲಾದರೂ ಬರಲಿ, ತಿಂಗಳು ಮಾತ್ರ ನಮ್ಮದಿರಲಿ. ಈ ಸಲ ಸ್ವಾತಿಗೆ ನಾಲ್ಕು ಬೀಜ ಊರಿ. ಉತ್ತರವನ್ನು ಗಿಡವೇ ಕೊಡುತ್ತದೆ.