ಕೈಗೆಟುಕದ ಚೆಂಡಿನ ಲೆಕ್ಕ

ಉತ್ತರಪತ್ರಿಕೆಗಳನ್ನು ತಿದ್ದುವ ದಿನಗಳಲ್ಲಿ ಅಧ್ಯಾಪಕರ ಕೊಠಡಿಯಲ್ಲಿ ಒಂದು ಹಳೆಯ ವಾದ ಮತ್ತೆ ತಲೆಯೆತ್ತುತ್ತದೆ. ಗಣಿತದಲ್ಲಿ ತೊಂಬತ್ತು ಅಂಕ ಪಡೆದವನು ಮೇಲೋ, ಹಳಗನ್ನಡದಲ್ಲಿ ಅರುವತ್ತೈದು ಪಡೆದವನು ಮೇಲೋ? ಗಣಿತದವರು ಅಂಕಪಟ್ಟಿಯನ್ನು ಮುಂದೆ ಹಿಡಿಯುತ್ತಾರೆ. ನಾವು ಕನ್ನಡದವರು ಪ್ರಶ್ನೆಪತ್ರಿಕೆಯನ್ನು ಮುಂದೆ ಹಿಡಿಯುತ್ತೇವೆ. ಕಾಫಿ ಬರುವವರೆಗೆ ಕಾವೇರುವ ಈ ಜಗಳ ಕಾಫಿಯೊಡನೆ ಆರಿಹೋಗುತ್ತದೆ. ಅಮೆರಿಕದ ಜನರಾದರೋ ಇದೇ ಜಗಳವನ್ನು ತಲೆಮಾರುಗಳಿಂದ ಆರಗೊಡದೆ ಕಾಪಾಡಿಕೊಂಡು ಬಂದಿದ್ದಾರೆ. ಅವರ ವಿಷಯ ಮಾತ್ರ ಬೇಸ್‌ಬಾಲ್.

ಆ ಆಟದಲ್ಲಿ ಮೈದಾನ ಕಾಯುವವರು ಒಂಬತ್ತು ಮಂದಿ. ಒಬ್ಬೊಬ್ಬನಿಗೂ ಗೊತ್ತಾದ ಒಂದೊಂದು ಠಾವು. ಎಲ್ಲ ಠಾವುಗಳ ಕಷ್ಟವೂ ಒಂದೇ ಅಲ್ಲ. ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ನಿಲ್ಲುವವನಿಗೆ ಶಾರ್ಟ್‌ಸ್ಟಾಪ್ ಎಂದು ಹೆಸರು. ನೆಲಕ್ಕೆ ಬಡಿದು ಹಾರಿಬರುವ ಚೆಂಡನ್ನು ಓಡುತ್ತೋಡುತ್ತಲೇ ಹಿಡಿದು, ಕಾಲು ನಿಲ್ಲುವ ಮೊದಲೇ ಮೊದಲ ಬೇಸಿಗೆ ಎಸೆಯಬೇಕಾದವನು ಈತ. ಆ ಮೊದಲ ಬೇಸಿನಲ್ಲಿ ನಿಂತವನದು ಮುಖ್ಯವಾಗಿ ಬಂದ ಚೆಂಡನ್ನು ಭದ್ರವಾಗಿ ಹಿಡಿಯುವ ಕೆಲಸ. ಆದ್ದರಿಂದಲೇ ಭಾರಿ ಮೈಕಟ್ಟಿನ ದಾಂಡಿಗರಿಗೆ ಅಲ್ಲಿ ಸ್ಥಳ ಸಿಗುತ್ತದೆ. ಇವರಿಬ್ಬರ ದಾಂಡಿನ ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ತೂಗಿದರೆ ಶಾರ್ಟ್‌ಸ್ಟಾಪಿನವನು ಹಗುರಾಗಿ ಕಾಣುವುದು ಸಹಜವೇ.

ಈ ಲೆಕ್ಕಗಳ ಮೂಲಪುರುಷನೆಂದು ಹೇಳಬಹುದಾದವನು ಹೆನ್ರಿ ಚಾಡ್‌ವಿಕ್. 1824ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಹೋದ ಈತ ಮೊದಲು ಕ್ರಿಕೆಟ್ ವರದಿಗಾರ. ಪಂದ್ಯದ ಕಥೆಯನ್ನೆಲ್ಲ ಒಂದು ಚಿಕ್ಕ ಕೋಷ್ಟಕದೊಳಗೆ ಅಡಗಿಸುವ ವಿದ್ಯೆಯನ್ನು ಕ್ರಿಕೆಟ್ಟಿನಿಂದ ಬೇಸ್‌ಬಾಲಿಗೆ ತಂದವನು ಈತನೇ. ದಾಂಡಿಗನ ಸರಾಸರಿಯೂ ಹಾಗೆಯೇ ಬಂತು. ಆದರೆ ಚೆಂಡು ತಡೆಯುವವನಿಗೆ ಉಳಿದದ್ದು ತಪ್ಪುಗಳ ಪಟ್ಟಿ. ಕೈಗೆ ಬಂದ ಚೆಂಡನ್ನು ಬಿಟ್ಟರೆ ತಪ್ಪು. ಹಿಡಿದು ತಪ್ಪಾಗಿ ಎಸೆದರೂ ತಪ್ಪು.

ಇಲ್ಲೊಂದು ಅನ್ಯಾಯ ಅಡಗಿದೆ. ಚುರುಕಾದವನು ಇಪ್ಪತ್ತು ಹೆಜ್ಜೆ ಓಡಿ, ನೆಲಕ್ಕೆ ಬಿದ್ದು, ಚೆಂಡಿಗೆ ಕೈ ತಾಗಿಸಿ ಜಾರಿಸಿಬಿಟ್ಟರೆ ಅವನ ಹೆಸರಿನ ಮುಂದೆ ತಪ್ಪು ಬೀಳಬಹುದು. ಮಂದಗತಿಯವನು ಹತ್ತು ಹೆಜ್ಜೆಯಲ್ಲೇ ನಿಂತು ಚೆಂಡು ಹೋಗುವುದನ್ನು ನೋಡಿದರೆ ಯಾರೂ ಏನೂ ಬರೆಯುವುದಿಲ್ಲ! ಕಠಿಣವಾದ ಪ್ರಶ್ನೆಯನ್ನು ಮುಟ್ಟದೆ ಬಿಟ್ಟ ವಿದ್ಯಾರ್ಥಿಯ ಪತ್ರಿಕೆಯಲ್ಲಿ ಕೆಂಪು ಗೆರೆಯೇ ಇಲ್ಲವೆಂದು ಅವನನ್ನು ಮೆಚ್ಚಿದಂತೆ ಇದು.

ಈ ದೋಷವನ್ನು ಎತ್ತಿ ತೋರಿಸಿದವರಲ್ಲಿ ಬಿಲ್ ಜೇಮ್ಸ್ ಮುಖ್ಯನು. ಕಾನ್ಸಾಸ್ ಪ್ರಾಂತದ ಒಂದು ಡಬ್ಬಿ ಆಹಾರದ ಕಾರ್ಖಾನೆಯಲ್ಲಿ ರಾತ್ರಿ ಕಾವಲಿದ್ದವನು. 1977ರಲ್ಲಿ ತನ್ನ ಖರ್ಚಿನಲ್ಲೇ ಮೊದಲ ಅಂಕಿಪುಸ್ತಕವನ್ನು ಅಚ್ಚುಹಾಕಿಸಿದನು. ಅವನ ಪ್ರಶ್ನೆ ಬಹು ಸರಳ: ಎಷ್ಟು ತಪ್ಪಿದ ಎಂಬುದಿರಲಿ, ಎಷ್ಟು ಮಂದಿಯನ್ನು ಔಟ್ ಮಾಡಿಸಿದ?

ಈ ಪ್ರಶ್ನೆಯ ಬೆಲೆ ತಿಳಿಯಬೇಕಾದರೆ ಓಜಿ ಸ್ಮಿತ್ ಮತ್ತು ಡೆರೆಕ್ ಜೀಟರ್ ಎಂಬ ಇಬ್ಬರು ಶಾರ್ಟ್‌ಸ್ಟಾಪ್‌ಗಳನ್ನು ನೋಡಬೇಕು. ಓಜಿ 1978ರಿಂದ 1996ರವರೆಗೆ ಆಡಿದನು. ಹತ್ತೊಂಬತ್ತು ವರ್ಷಗಳಲ್ಲಿ ಆತ ಹೊಡೆದ ಹೋಮ್ ರನ್‌ಗಳು ಕೇವಲ 28. ಸರಾಸರಿ ಸಾವಿರಕ್ಕೆ 262. ಜೀಟರ್ 1995ರಿಂದ 2014ರವರೆಗೆ ನ್ಯೂಯಾರ್ಕಿನ ಯಾಂಕೀಸ್ ತಂಡದ ಕಣ್ಮಣಿ. ಹೋಮ್ ರನ್‌ಗಳು 260, ಸರಾಸರಿ 310. ದಾಂಡು ಹಿಡಿದಾಗ ಇವರಿಬ್ಬರಿಗೆ ಹೋಲಿಕೆಯೇ ಇಲ್ಲ. ಇನ್ನು ಮೈದಾನದ ಮಾತು. ತಪ್ಪಿನ ಪಟ್ಟಿಯನ್ನು ನಂಬುವುದಾದರೆ ಸಾವಿರ ಅವಕಾಶಗಳಲ್ಲಿ ಓಜಿ 978ನ್ನೂ ಜೀಟರ್ 976ನ್ನೂ ಸರಿಯಾಗಿ ನಿರ್ವಹಿಸಿದರು. ಎರಡೇ ಎರಡರ ಅಂತರ! ಜೇಮ್ಸನ ಪ್ರಶ್ನೆಯನ್ನು ಕೇಳಿದಾಗ ತೆರೆ ಸರಿಯುತ್ತದೆ. ಓಜಿ ಪಂದ್ಯವೊಂದಕ್ಕೆ ಸುಮಾರು ಐದು ಮಂದಿಯ ಔಟಿಗೆ ಕಾರಣನಾದರೆ, ಜೀಟರ್ ಸುಮಾರು ನಾಲ್ವರಿಗೆ. ಪಂದ್ಯಕ್ಕೆ ಒಂದು, ಎರಡು ಸಾವಿರಕ್ಕೂ ಮಿಕ್ಕಿ ಪಂದ್ಯಗಳಲ್ಲಿ ಅದು ಎಷ್ಟಾಯಿತೆಂದು ಓದುಗರೇ ಗುಣಿಸಿಕೊಳ್ಳಲಿ.

ಹಾಗೆಂದು ಈ ಲೆಕ್ಕವನ್ನು ಕಣ್ಣುಮುಚ್ಚಿ ನಂಬಲೂ ಬಾರದು. ಜೀಟರನ ಕಾಲದಲ್ಲಿ ದಾಂಡಿಗೆ ತಾಗದೆಯೇ ಔಟಾಗುವವರು ಹೆಚ್ಚಿದ್ದರು. ಶಾರ್ಟ್‌ಸ್ಟಾಪಿನ ಕಡೆಗೆ ಬರುವ ಚೆಂಡೇ ಕಡಿಮೆಯಾಗಿತ್ತು. ಆದುದರಿಂದ ಈಚಿನ ಪಂಡಿತರು ಪ್ರತಿಯೊಂದು ಚೆಂಡೂ ಎತ್ತ ಹೋಯಿತು, ಅದನ್ನು ಸಾಮಾನ್ಯನಾದವನು ಹಿಡಿಯುತ್ತಿದ್ದನೇ ಎಂದು ನೋಡಿ, ಉಳಿಸಿದ ಓಟಗಳನ್ನು ಎಣಿಸುತ್ತಾರೆ. ಹಳೆಯ ಪಂದ್ಯಗಳಿಗೆ ಇದರಲ್ಲಿ ಅಂದಾಜಿನ ಪಾಲು ಹೆಚ್ಚು. ಆದರೂ ತೀರ್ಪು ತಿರುಗಲಿಲ್ಲ. ಸಾಮಾನ್ಯ ಶಾರ್ಟ್‌ಸ್ಟಾಪಿಗಿಂತ ಓಜಿ ಇನ್ನೂರಕ್ಕೂ ಹೆಚ್ಚು ಓಟಗಳನ್ನು ಉಳಿಸಿದನೆಂದೂ, ಜೀಟರ್ ಇನ್ನೂರಕ್ಕೂ ಹೆಚ್ಚನ್ನು ಬಿಟ್ಟುಕೊಟ್ಟನೆಂದೂ ಬೇಸ್‌ಬಾಲ್ ರೆಫರೆನ್ಸ್ ಎಂಬ ಅಂಕಿಭಂಡಾರದ ಲೆಕ್ಕ.

ಯಾಂಕೀಸ್ ಭಕ್ತರು ಇದನ್ನು ಒಪ್ಪುವರೇ? 2001ರ ಅಕ್ಟೋಬರಿನಲ್ಲಿ ಓಕ್ಲೆಂಡಿನ ಮೇಲಿನ ಪಂದ್ಯದಲ್ಲಿ, ದಾರಿ ತಪ್ಪಿ ಬರುತ್ತಿದ್ದ ಚೆಂಡನ್ನು ತನ್ನದಲ್ಲದ ಜಾಗಕ್ಕೆ ಓಡಿಬಂದು ಹಿಡಿದು, ಪಕ್ಕಕ್ಕೆ ಚಿಮ್ಮಿ, ಓಟಗಾರನನ್ನು ಮನೆಯ ಹೊಸ್ತಿಲಲ್ಲೇ ಔಟ್ ಮಾಡಿಸಿದವನು ಜೀಟರ್. ಯಾಂಕೀಸ್ ಗೆದ್ದದ್ದು ಒಂದೇ ಓಟದಿಂದ. ಅದನ್ನು ಕಂಡವರು ಅಂಕಿಪಂಡಿತನನ್ನು ಹುಚ್ಚನೆನ್ನುವುದು ನ್ಯಾಯವೇ. ಕಣ್ಣು ನೆನಪಿಡುವುದು ಹಿಡಿದ ಚೆಂಡನ್ನು; ಜೀಟರನ ಎಡಗಡೆಯಿಂದ ನುಸುಳಿಹೋದ ಸಾವಿರಾರು ಚೆಂಡುಗಳಿಗೆ ಚಿತ್ರವೂ ಇಲ್ಲ, ಚಪ್ಪಾಳೆಯೂ ಇಲ್ಲ. ಆತನಿಗೆ ಮೈದಾನ ಕಾಯ್ದುದಕ್ಕಾಗಿ ಐದು ಗೋಲ್ಡ್ ಗ್ಲೌವ್ ಪ್ರಶಸ್ತಿಗಳು ಬಂದುವು. ಇನ್ನೂ ಸ್ವಾರಸ್ಯವೆಂದರೆ, ಅವುಗಳಲ್ಲಿ ಮೊದಲನೆಯದು ಬಂದ 2004ರಲ್ಲೇ, ಅದೇ ಠಾವಿನಲ್ಲಿ ಎರಡು ಸಲ ಆ ಪ್ರಶಸ್ತಿ ಪಡೆದಿದ್ದ ಅಲೆಕ್ಸ್ ರೋಡ್ರಿಗ್ಸ್ ಯಾಂಕೀಸ್ ಸೇರಿ, ಜೀಟರನಿಗೆ ಜಾಗ ಬಿಟ್ಟು ಮೂರನೆಯ ಬೇಸಿಗೆ ಸರಿದಿದ್ದನು.

ಠಾವಿಗೆ ತಕ್ಕ ರಿಯಾಯಿತಿಯೂ ಈ ಲೆಕ್ಕದಲ್ಲುಂಟು. ಒಂದು ಪ್ರಸಿದ್ಧ ಪದ್ಧತಿಯಂತೆ, ಪೂರ್ಣ ಋತುವೊಂದಕ್ಕೆ ಶಾರ್ಟ್‌ಸ್ಟಾಪಿಗೆ ಏಳೂವರೆ ಓಟಗಳನ್ನೂ ಕ್ಯಾಚರನಿಗೆ ಹನ್ನೆರಡೂವರೆಯನ್ನೂ ಸೇರಿಸುತ್ತಾರೆ. ಮೊದಲ ಬೇಸಿನವನಿಂದ ಹನ್ನೆರಡೂವರೆಯನ್ನು ಕಳೆಯುತ್ತಾರೆ. ನಮ್ಮ ಪರೀಕ್ಷಾಮಂಡಳಿಗಳಿಗೆ ಇಷ್ಟು ಧೈರ್ಯ ಬಂದೀತೆಂದು ನನಗೆ ತೋರುವುದಿಲ್ಲ! ಎಲ್ಲವನ್ನೂ ಕೂಡಿ ಕಳೆದು, ಸಾಧಾರಣ ಬದಲಿ ಆಟಗಾರನಿಗಿಂತ ತಂಡಕ್ಕೆ ಎಷ್ಟು ಗೆಲುವು ಹೆಚ್ಚಾಗಿ ತಂದನೆಂದು ನೋಡಿದಾಗ ಓಜಿಗೆ ಸುಮಾರು 77, ಜೀಟರನಿಗೆ ಸುಮಾರು 71. ಈ ಆರರ ಅಂತರಕ್ಕಾಗಿ ನಾನು ಯಾರೊಡನೆಯೂ ಕಾದಾಡಲಾರೆ. ಅಂದಾಜಿನ ಲೆಕ್ಕದಲ್ಲಿ ಆರು ದೊಡ್ಡದಲ್ಲ. ಆದರೆ 28 ಹೋಮ್ ರನ್‌ಗಳವನು 260ರವನ ಹೆಗಲೆತ್ತರಕ್ಕೆ ನಿಂತನಲ್ಲ, ಅದು ದೊಡ್ಡದು.

ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ 1981–82ರಲ್ಲಿ ಇಂಗ್ಲೆಂಡಿನ ವಿರುದ್ಧ ಸತತ ಮೂರು ಟೆಸ್ಟ್‌ಗಳಲ್ಲಿ ಒಂದೇ ಒಂದು ಬೈ ಓಟವನ್ನೂ ಕೊಡಲಿಲ್ಲ. ಅಷ್ಟರಲ್ಲಿ ಎದುರಾಳಿಗಳು 1,964 ಓಟಗಳನ್ನು ಕೂಡಿಹಾಕಿದ್ದರು. ಕೋಷ್ಟಕದಲ್ಲಿ ಅದು ಇತರೆ ಓಟಗಳ ಸಾಲಿನ ಒಂದು ಸೊನ್ನೆ ಮಾತ್ರ. ಆ ಸೊನ್ನೆಯ ಮುಂದೆ ಕಿರ್ಮಾನಿಯ ಹೆಸರಿರುವುದಿಲ್ಲ.

ಓಜಿ 2002ರಲ್ಲಿ ಕೂಪರ್ಸ್‌ಟೌನಿನ ಕೀರ್ತಿಮಂದಿರವನ್ನು ಸೇರಿದನು. ಜೀಟರ್ 2020ರಲ್ಲಿ 397 ಮತಗಳಲ್ಲಿ 396ನ್ನು ಪಡೆದು ಆಯ್ಕೆಯಾದನು. ನನ್ನ ಮನಸ್ಸು ಮಾತ್ರ ಮಾರ್ಕ್ ಬೆಲ್ಯಾಂಜರ್ ಎಂಬವನ ಬಳಿಯೇ ಸುಳಿಯುತ್ತಿರುತ್ತದೆ. ಬಾಲ್ಟಿಮೋರ್ ತಂಡದ ಕಡ್ಡಿದೇಹದ ಶಾರ್ಟ್‌ಸ್ಟಾಪ್. 1965ರಿಂದ 1982ರವರೆಗೆ ಆಡಿದನು. ದಾಂಡಿನ ಸರಾಸರಿ ಸಾವಿರಕ್ಕೆ 228, ಹೋಮ್ ರನ್‌ಗಳು 20, ಗೋಲ್ಡ್ ಗ್ಲೌವ್‌ಗಳು ಎಂಟು. ಅದೇ ಅಂಕಿಭಂಡಾರದ ರಕ್ಷಣೆಯ ಪಟ್ಟಿಯಲ್ಲಿ ಸಾರ್ವಕಾಲಿಕ ಪ್ರಥಮ ಸ್ಥಾನ ಓಜಿಯದು, ಎರಡನೆಯದು ಬೆಲ್ಯಾಂಜರನದು. ಕೀರ್ತಿಮಂದಿರದ ಮತಪಟ್ಟಿಯಲ್ಲಿ ಆತನ ಹೆಸರು 1988ರಲ್ಲಿ ಒಮ್ಮೆ ಬಂದು, ಮರುವರ್ಷಕ್ಕೆ ಉಳಿಯುವಷ್ಟು ಮತಗಳೂ ದೊರೆಯದೆ ಹೊರಬಿತ್ತು. 1998ರಲ್ಲಿ ಆತ ತೀರಿಕೊಂಡಾಗ ಈ ಪಟ್ಟಿಯನ್ನು ಇನ್ನೂ ಯಾರೂ ಹೀಗೆ ಲೆಕ್ಕಹಾಕಿರಲಿಲ್ಲ.