ಯಜಮಾನರನ್ನು ಕಳಿಸಿ

‘ಮೇಡಂ, ಇದೆಲ್ಲ ನಿಮಗ್ಯಾಕೆ ತಲೆನೋವು? ನಿಮ್ಮ ಯಜಮಾನ್ರನ್ನ ಕಳಿಸಿ, ಅವರಿಗೆ ಹೇಳ್ತೀನಿ.’

ನಾನು ಕೇಳಿದ್ದು ದೊಡ್ಡ ವಿಷಯವೇನಲ್ಲ. ನನ್ನ ಸರ್ಕಾರಿ ವಿಮೆಯಲ್ಲಿ, ಸಮೂಹ ವಿಮೆಯಲ್ಲಿ ನಾಮಿನಿ ಎಂದು ಯಾರ ಹೆಸರಿದೆ, ಅಷ್ಟೆ. ಆ ಗುಮಾಸ್ತರು ಕೆಟ್ಟವರಲ್ಲ. ಕುರ್ಚಿ ಕೊಟ್ಟರು, ಫ್ಯಾನು ಹಾಕಿದರು. ಅದರಿಂದಲೇ ನನಗೆ ಸಿಟ್ಟು ಇನ್ನೂ ಹೆಚ್ಚಾಯಿತು. ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ ಚಕ್ರಬಡ್ಡಿ ಕಲಿಸುತ್ತಿರುವ ನನಗೆ ನನ್ನದೇ ಸಂಬಳದ ಲೆಕ್ಕ ಹೇಳಲು, ಹಾಲಿನವನ ಲೆಕ್ಕವನ್ನೂ ನನ್ನನ್ನೇ ಕೇಳುವ ನಮ್ಮ ಯಜಮಾನರು ಬರಬೇಕಂತೆ!

ನನ್ನನ್ನು ಆ ಕಚೇರಿಗೆ ಎಬ್ಬಿಸಿ ಕಳಿಸಿದ್ದು ನಮ್ಮ ಶಾಲೆಯ ಒಂದು ಸಾವು. ನನಗಿಂತ ಹತ್ತು ವರ್ಷ ಚಿಕ್ಕವಳು, ಹೊಲಿಗೆಯಲ್ಲೂ ಕೈ, ಹಾಡಿನಲ್ಲೂ ಕೈ. ನೌಕರಿಗೆ ಸೇರಿದಾಗ ಮದುವೆಯಾಗಿರಲಿಲ್ಲ. ಫಾರಂನಲ್ಲಿ ತಂದೆಯ ಹೆಸರು ಬರೆದಿದ್ದಳು. ಆಮೇಲೆ ಮದುವೆಯಾಯಿತು, ಎರಡು ಹೆಣ್ಣುಮಕ್ಕಳಾದವು, ತಂದೆ ತೀರಿಕೊಂಡರು. ಫಾರಂ ಮಾತ್ರ ಹಾಗೆಯೇ ಉಳಿಯಿತು. ಅವಳು ಹೋದ ಮೇಲೆ ಕೋರ್ಟಿನಿಂದ ವಾರಸುದಾರಿಕೆ ಪತ್ರ ತನ್ನಿ ಎಂದರು. ಆ ಮಕ್ಕಳ ಶಾಲಾ ಶುಲ್ಕವನ್ನು ಎರಡು ವರ್ಷ ನಾವು ಸಹೋದ್ಯೋಗಿಗಳು ಚಂದಾ ಎತ್ತಿ ಕಟ್ಟಿದೆವು. ಅಮ್ಮನ ದುಡ್ಡು ಸರ್ಕಾರದಲ್ಲಿ ಭದ್ರವಾಗಿಯೇ ಇತ್ತು!

ಇದು ಯಾರೂ ಕೊಡುವ ದಾನವಲ್ಲ ಎಂಬುದು ಮೊದಲು ನಮಗೆ ಗೊತ್ತಾಗಬೇಕು. ಮೈಸೂರು ಸಂಸ್ಥಾನದಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ ಶುರುವಾದ ವ್ಯವಸ್ಥೆ ಇದು. 1956ರಲ್ಲಿ ಜೀವ ವಿಮೆ ರಾಷ್ಟ್ರೀಕರಣವಾಗಿ ಎಲ್‌ಐಸಿ ಹುಟ್ಟಿದಾಗಲೂ ಸರ್ಕಾರಗಳು ತಮ್ಮ ನೌಕರರ ಸಂಬಳದಿಂದ ಕಡ್ಡಾಯವಾಗಿ ಹಿಡಿದು ನಡೆಸುವ ಇಂಥ ಯೋಜನೆಗಳನ್ನು ಕಾನೂನೇ ಹೊರಗಿಟ್ಟಿತು. 1958ರ ನಿಯಮಗಳು ಅದನ್ನು ರಾಜ್ಯದ ನೌಕರರಿಗೆ ಕಡ್ಡಾಯ ಮಾಡಿದವು. ಅದರ ಜೊತೆಗೆ 1982ರಿಂದ ಸಮೂಹ ವಿಮೆ. ಈ ಎರಡನೆಯದರಲ್ಲಿ ನಾವು ಕಟ್ಟುವ ಹಣ ಎರಡು ಪಾಲಾಗುತ್ತದೆ: ಒಂದು ವಿಮಾ ನಿಧಿಗೆ, ಇನ್ನೊಂದು ಉಳಿತಾಯ ನಿಧಿಗೆ. ನಿವೃತ್ತಿಯಾದಾಗ ಉಳಿತಾಯದ ಪಾಲು ಬಡ್ಡಿಯೊಡನೆ ಕೈಗೆ ಬರುತ್ತದೆ, ವಿಮೆ ಅಲ್ಲಿಗೆ ಮುಗಿಯುತ್ತದೆ. ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಎರಡೂ ಮನೆಯವರಿಗೆ. ಇಷ್ಟು ಸಂಗತಿಯನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಕೇಳಿದೆ. ಒಂಬತ್ತು ಮಂದಿ ಹೆಂಗಸರಲ್ಲಿ ಸರಿಯಾಗಿ ಹೇಳಿದವರು ಒಬ್ಬರು. ಸೀರೆ ಚೀಟಿಯ ಕಂತು ಮಾತ್ರ ಎಲ್ಲರಿಗೂ ಬಾಯಿಪಾಠ. (ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.)

‘ಸಾವಿನ ಮಾತು ಯಾಕೆ ಬಿಡಿ ಮೇಡಂ, ಅಪಶಕುನ’ ಎಂದವರಿದ್ದಾರೆ. ಅಪಶಕುನವೆಂದು ನಾವು ಬಾಯಿ ಬಿಡದಿದ್ದರೂ ಪ್ರತಿ ತಿಂಗಳು ಸಂಬಳದ ಚೀಟಿಯಲ್ಲಿ ಕಡಿತವಂತೂ ತಪ್ಪುವುದಿಲ್ಲವಲ್ಲ! ‘ನಮ್ಮವರು ನೋಡಿಕೊಳ್ಳುತ್ತಾರೆ’ ಎನ್ನುವವರು ಇನ್ನೂ ಹೆಚ್ಚು. ಗಂಡನನ್ನು ನಂಬಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಗಂಡ ನೋಡಿಕೊಳ್ಳುವುದಕ್ಕೂ ನಮಗೆ ಗೊತ್ತಿರುವುದಕ್ಕೂ ವಿರೋಧವೇನಿದೆ? ಅವರ ಪಾಲಿಸಿ ಬಾಂಡು ಯಾವ ಟ್ರಂಕಿನ ಯಾವ ಮೂಲೆಯಲ್ಲಿದೆ ಎಂದು ನಮಗೆ ಗೊತ್ತು. ನಮ್ಮದು?

ಒಂದು ಮೊಕದ್ದಮೆಯ ಕತೆ ಹೇಳುತ್ತೇನೆ. ನಾರಾಯಣಿ ದೇವಿ ಎಂಬಾಕೆಗೆ 1955ರಲ್ಲಿ ಮದುವೆಯಾಯಿತು. ಮೂರೇ ತಿಂಗಳಿಗೆ ಗಂಡ ಹಾವು ಕಚ್ಚಿ ಸತ್ತ. ಅತ್ತೆಮನೆಯವರು ಹೊರಹಾಕಿದರು. ತವರಿನವರು ಓದಿಸಿದರು, ಆಕೆ ಕೆಲಸಕ್ಕೆ ಸೇರಿ ದುಡಿದು 1996ರಲ್ಲಿ ತೀರಿಕೊಂಡಳು. ಬ್ಯಾಂಕಿನಲ್ಲಿ ಹಣವಿತ್ತು, ಭವಿಷ್ಯ ನಿಧಿ ಇತ್ತು, ಉಯಿಲು ಇರಲಿಲ್ಲ. ಆಕೆಯ ತಾಯಿ ಕೇಳಿದಳು. ಗಂಡನ ಕಡೆಯವರೂ ಕೇಳಿದರು. 2009ರಲ್ಲಿ ಸುಪ್ರೀಂ ಕೋರ್ಟು ಗಂಡನ ಕಡೆಯವರಿಗೇ ಎಂದಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹಾಗೆಯೇ ಹೇಳುತ್ತದೆ: ಉಯಿಲು ಬರೆಯದೆ ಹೋದ ಹೆಣ್ಣಿನ ಸ್ವಂತ ಗಳಿಕೆ ಮೊದಲು ಗಂಡ-ಮಕ್ಕಳಿಗೆ, ಅವರಿಲ್ಲದಿದ್ದರೆ ಗಂಡನ ವಾರಸುದಾರರಿಗೆ, ಹೆತ್ತವರ ಸರದಿ ಅದರ ಆಮೇಲೆ. ಹೊರಹಾಕಿದ ಮನೆ ಮುಂದೆ, ಓದಿಸಿದ ಮನೆ ಹಿಂದೆ. ಮಕ್ಕಳಿಲ್ಲದ, ಗಂಡನಿಲ್ಲದ, ಮುದಿ ತಾಯಿಯನ್ನು ಸಾಕುತ್ತಿರುವ ಎಷ್ಟು ಮೇಡಂಗಳು ನಮ್ಮ ತಾಲ್ಲೂಕುಗಳಲ್ಲಿಲ್ಲ? ಅವರು ನಾಮಿನಿಯ ಫಾರಂ ತುಂಬಿ ಸುಮ್ಮನಾಗದೆ ಒಂದು ಉಯಿಲನ್ನೂ ಬರೆದಿಡಬೇಕು. ಬಿಳಿಹಾಳೆ ಸಾಕು, ಸಾಕ್ಷಿಗೆ ಇಬ್ಬರು ಸಾಕು.

ಇಲಾಖೆಯನ್ನೂ ಸುಮ್ಮನೆ ಬಿಡಲಾರೆ. ಪ್ರತಿ ತಿಂಗಳು ತಪ್ಪದೆ ಕತ್ತರಿಸುವ ಕೈಗೆ ವರ್ಷಕ್ಕೊಮ್ಮೆ ‘ನಿಮ್ಮ ನಾಮಿನಿ ಇಂಥವರು, ಬದಲಾಯಿಸಬೇಕೆ?’ ಎಂದು ಕೇಳಲು ಬಾರದೆ? ಮದುವೆಯಾದಾಗ ರಜೆ ಮಂಜೂರು ಮಾಡುತ್ತಾರೆ, ಹೆರಿಗೆಗೆ ಮಂಜೂರು ಮಾಡುತ್ತಾರೆ; ಆ ಅರ್ಜಿಯ ಜೊತೆಗೇ ಒಂದು ನಾಮನಿರ್ದೇಶನದ ಫಾರಂ ಕೊಟ್ಟರೆ ಯಾರ ಗಂಟು ಹೋಗುತ್ತದೆ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎನ್ನುವ ಹಾಗೆ, ಸತ್ತ ಮೇಲೆ ಕೋರ್ಟಿನ ಪತ್ರ ಕೇಳುವುದಷ್ಟೇ ಅವರಿಗೆ ಗೊತ್ತು.

ಕೊನೆಗೆ ನಾನು ಆ ಕುರ್ಚಿ ಬಿಟ್ಟು ಏಳಲಿಲ್ಲ. ಊಟದ ಹೊತ್ತಾಯಿತು, ಗುಮಾಸ್ತರು ಬೀರುವಿನಿಂದ ಕಡತ ತೆಗೆದರು. ನಾಮಿನಿ ನನ್ನ ತಂದೆ. ಅವರು ತೀರಿಕೊಂಡು ಹನ್ನೊಂದು ವರ್ಷ. ನನ್ನ ಸಹೋದ್ಯೋಗಿಯ ತಪ್ಪನ್ನೇ ನಾನೂ ಮಾಡಿದ್ದೆ, ಅವಳಿಗಿಂತ ಹೆಚ್ಚು ಕಾಲ.

ಹೊಸ ಫಾರಂ ಈಸಿಕೊಂಡು ಅಲ್ಲೇ ಕೂತು ಬರೆದೆ. ಮಗನಿಗೆ ಅರ್ಧ, ಮಗಳಿಗೆ ಅರ್ಧ.

‘ಮಗಳು ಮದುವೆಯಾಗಿ ಹೋದೋರಲ್ವಾ ಮೇಡಂ?’ ಎಂದರು ಅವರು.

‘ನಾನೂ ಮದುವೆಯಾಗಿ ಹೋದವಳೇ ಅಲ್ವಾ? ಸಂಬಳ ನನ್ನದು’ ಎಂದು ಸಹಿ ಹಾಕಿ, ಸ್ವೀಕೃತಿಗೆ ಸೀಲು ಹಾಕಿಸಿಕೊಂಡೇ ಹೊರಗೆ ಬಂದೆ.